74 ನಿಮಿಷದ ಗ್ರಹಣ

1973ರ ಜೂನ್ 30ರಂದು ಆಫ್ರಿಕಾದ ಸಹಾರಾ ಸೀಮೆಯ ಮೇಲೆ, ನೆಲದಿಂದ ಸುಮಾರು 17 ಕಿಲೋಮೀಟರ್ ಎತ್ತರದಲ್ಲಿ, ಒಂದು ವಿಮಾನ ಚಂದ್ರನ ನೆರಳಿನೊಳಗೆ ಹೊಕ್ಕು ಆ ನೆರಳಿನ ಜೊತೆಯಲ್ಲೇ 74 ನಿಮಿಷಗಳ ಕಾಲ ಓಡಿತು. ಅಷ್ಟು ಹೊತ್ತೂ ಅದರಲ್ಲಿದ್ದವರ ನೆತ್ತಿಯ ಮೇಲೆ ಖಗ್ರಾಸ ಸೂರ್ಯಗ್ರಹಣ ನಿಂತೇ ಇತ್ತು. ಅದೇ ದಿನ ನೆಲದ ಮೇಲೆ ನಿಂತು ನೋಡಿದವರಿಗೆ ಅತಿ ಹೆಚ್ಚೆಂದರೆ ಏಳು ನಿಮಿಷ ನಾಲ್ಕು ಸೆಕೆಂಡುಗಳ ದರ್ಶನಭಾಗ್ಯ ದೊರೆತಿತ್ತು.

ವಿಜ್ಞಾನದ ಮೇಷ್ಟರಾಗಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ ನಾನು ಈ ಕಥೆಯನ್ನು ಪ್ರತಿಯೊಂದು ತರಗತಿಗೂ ಹೇಳಿದ್ದೇನೆ. ಹೇಳುವಾಗಲೆಲ್ಲ ಅದರ ಬೆನ್ನಿಗೆ ಅಂಟಿಕೊಂಡ ಇನ್ನೊಂದು ಕಥೆಯನ್ನು ನುಂಗಿಕೊಂಡೂ ಬಂದಿದ್ದೇನೆ. ವಯಸ್ಸು ಎಪ್ಪತ್ತು ದಾಟಿದ ಮೇಲೆ ನುಂಗಿಕೊಂಡದ್ದು ಅರಗುವುದಿಲ್ಲ ಎಂಬುದು ಅನುಭವಕ್ಕೆ ಬಂದಿದೆ. ಆದ್ದರಿಂದ ಇಂದು ಎರಡನ್ನೂ ಬರೆಯುತ್ತೇನೆ.

ಮೊದಲು ವಿಮಾನದ ಕಥೆ.

ಗ್ರಹಣದ ಸಮಯದಲ್ಲಿ ಚಂದ್ರನ ದಟ್ಟ ನೆರಳು ಭೂಮಿಯ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಧಾವಿಸುತ್ತದೆ. ಭೂಮಿಯೂ ಅದೇ ದಿಕ್ಕಿಗೆ ತಿರುಗುತ್ತಿರುವುದರಿಂದ ನೆರಳಿನ ವೇಗ ನಮ್ಮ ಪಾಲಿಗೆ ಸ್ವಲ್ಪ ಕಡಿಮೆಯಾಗುತ್ತದೆ. ಸಮಭಾಜಕ ವೃತ್ತದ ಆಸುಪಾಸಿನಲ್ಲಿ, ನಡುಮಧ್ಯಾಹ್ನದ ಹೊತ್ತಿಗೆ, ಅದು ಅತ್ಯಂತ ನಿಧಾನ. ನಿಧಾನವೆಂದರೂ ಗಂಟೆಗೆ ಸಾವಿರದ ಏಳುನೂರು ಕಿಲೋಮೀಟರಿಗಿಂತ ಕಡಿಮೆಯೇನಲ್ಲ. ಸಾಮಾನ್ಯ ಪ್ರಯಾಣಿಕ ವಿಮಾನಕ್ಕೆ ನಿಲುಕುವ ವೇಗ ಇದಲ್ಲ. ಆದರೆ ಆಗಷ್ಟೇ ಪರೀಕ್ಷೆಗಳಲ್ಲಿದ್ದ ಕಾಂಕಾರ್ಡ್ ವಿಮಾನ ಶಬ್ದದ ಎರಡು ಪಟ್ಟು ವೇಗದಲ್ಲಿ, ಅಂದರೆ ಗಂಟೆಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿ ಹಾರಬಲ್ಲದ್ದಾಗಿತ್ತು. ಫ್ರಾನ್ಸಿನ ಖಗೋಳ ವಿಜ್ಞಾನಿ ಪಿಯೇರ್ ಲೆನಾ ಅವರು ಇದನ್ನು ಲೆಕ್ಕ ಹಾಕಿ, ಕಾಂಕಾರ್ಡಿನ ಪರೀಕ್ಷಾ ಚಾಲಕರಾಗಿದ್ದ ಆಂದ್ರೆ ತುರ್ಕಾ ಅವರನ್ನು 1972ರಲ್ಲಿ ಭೇಟಿಯಾಗಿ ತಮ್ಮ ಬಯಕೆಯನ್ನು ಮುಂದಿಟ್ಟರು. ತುರ್ಕಾ ನಗಲಿಲ್ಲ, ಕಾಗದದ ಮೇಲಿನ ಗೆರೆಯನ್ನು ನೋಡಿ ಆಗಬಹುದೆಂದರು.

ಮಕ್ಕಳಿಗೆ ಇದನ್ನು ತಿಳಿಸಲು ನಾನು ರೈಲಿನ ಉದಾಹರಣೆ ಕೊಡುತ್ತಿದ್ದೆ. ಗದಗ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಸುಮ್ಮನೆ ನಿಂತರೆ ಹೊರಟ ರೈಲಿನ ಒಂದು ಕಿಟಕಿ ಕಣ್ಣೆದುರು ಒಂದು ಕ್ಷಣ ಮಾತ್ರ ಇರುತ್ತದೆ. ಆ ಕಿಟಕಿಯಲ್ಲಿ ಕುಳಿತ ಬಂಧುವಿನ ಜೊತೆ ಇನ್ನೆರಡು ಮಾತಾಡಬೇಕಾದರೆ ರೈಲಿನ ಜೊತೆಗೇ ಓಡಬೇಕು. ಓಡಿದರೂ ರೈಲು ಕೊನೆಗೆ ನಮ್ಮನ್ನು ಹಿಂದೆ ಹಾಕಿಯೇ ಹಾಕುತ್ತದೆ. ಆದರೆ ಒಂದು ಕ್ಷಣದ ಭೇಟಿ ಅರ್ಧ ನಿಮಿಷದ ಭೇಟಿಯಾಗಿರುತ್ತದೆ. ಕಾಂಕಾರ್ಡ್ ಮಾಡಿದ್ದೂ ಇಷ್ಟೇ. ಅದು ಗ್ರಹಣವನ್ನು ಹಿಗ್ಗಿಸಲಿಲ್ಲ, ನೆರಳನ್ನು ಹಿಡಿದು ನಿಲ್ಲಿಸಲಿಲ್ಲ. ಅದರ ಪಕ್ಕದಲ್ಲಿ ಓಡಿತು.

ಓಟಕ್ಕೆ ಸಿದ್ಧತೆ ಸಣ್ಣದಾಗಿರಲಿಲ್ಲ. ಆ ದಿನ ಸೂರ್ಯ ಬಹುಮಟ್ಟಿಗೆ ನೆತ್ತಿಯ ಮೇಲಿರುವವನಾದ್ದರಿಂದ ಪಕ್ಕದ ಕಿಟಕಿಗಳಿಂದ ಅವನು ಕಾಣುವಂತಿರಲಿಲ್ಲ. ವಿಮಾನದ ಛಾವಣಿಯಲ್ಲೇ ರಂಧ್ರಗಳನ್ನು ಕೊರೆದು ವಿಶೇಷ ಗವಾಕ್ಷಿಗಳನ್ನು ಕೂರಿಸಬೇಕಾಯಿತು. ಅಷ್ಟು ಎತ್ತರದಲ್ಲಿ ಹೊರಗೆ ಗಾಳಿಯ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ, ಒಳಗೆ ಮನುಷ್ಯರು ಉಸಿರಾಡುವ ಗಾಳಿ. ಹೊರಮೈ ಗಾಳಿಯ ತಿಕ್ಕಾಟದಿಂದ ನೀರು ಕುದಿಯುವ ಶಾಖದ ಹತ್ತಿರಕ್ಕೆ ಕಾಯುತ್ತದೆ. ಇವೆರಡನ್ನೂ ತಾಳಿಕೊಂಡು, ಉಪಕರಣಗಳಿಗೆ ಸೂರ್ಯನನ್ನು ತೋರಿಸುವ ಗವಾಕ್ಷಿಗಳವು.

ಕಾಂಕಾರ್ಡ್ ಕನೇರಿ ದ್ವೀಪಗಳ ಲಾಸ್ ಪಾಲ್ಮಾಸಿನಿಂದ ಮೇಲೆದ್ದಿತು. ಮಾರಿಟಾನಿಯಾದ ಮೇಲೆ ನೆರಳು ಹಿಂದಿನಿಂದ ಬಂದು ಅದನ್ನು ಕೂಡಿಕೊಂಡಿತು. ಮಾಲಿ, ನೈಜರ್ ದಾಟಿ, ಕೊನೆಗೆ ನೆರಳನ್ನು ಮುಂದೆ ಹೋಗಲು ಬಿಟ್ಟು, ಫೋರ್ಟ್ ಲಾಮಿ ಎಂಬ ಹಳೆಯ ಹೆಸರಿನ ಎನ್ಜಮೇನಾ ನಗರದಲ್ಲಿ ವಿಮಾನ ಇಳಿಯಿತು. ಒಳಗೆ ಫ್ರಾನ್ಸ್, ಬ್ರಿಟನ್, ಅಮೆರಿಕಗಳ ವಿಜ್ಞಾನಿಗಳು ತಮ್ಮ ತಮ್ಮ ಉಪಕರಣಗಳ ಮುಂದೆ ಕುಳಿತಿದ್ದರು. ಬ್ರಿಟನ್ನಿನ ಜಾನ್ ಬೆಕ್‌ಮನ್, ಅಮೆರಿಕದ ಡೊನಾಲ್ಡ್ ಲೀಬೆನ್‌ಬರ್ಗ್ ಅವರಲ್ಲಿ ಸೇರಿದ್ದರು.

ಇಷ್ಟೆಲ್ಲ ಖಟಾಟೋಪ ಏಕೆಂದು ಕೇಳಬಹುದು. ಸೂರ್ಯನ ಸುತ್ತಲಿನ ಪ್ರಭಾವಳಿ, ವಿಜ್ಞಾನಿಗಳು ಕರೋನಾ ಎನ್ನುವ ಆ ತೆಳುವಾದ ಹೊರ ಆವರಣ, ಬರಿಗಣ್ಣಿಗೆ ಕಾಣುವುದು ಖಗ್ರಾಸದ ಆ ಕೆಲವೇ ನಿಮಿಷಗಳಲ್ಲಿ. ಸೂರ್ಯನ ಕಣ್ಣಿಗೆ ಕಾಣುವ ಮೈಯ ಉಷ್ಣತೆ ಐದೂವರೆ ಸಾವಿರ ಡಿಗ್ರಿಗಳಾದರೆ, ಅದಕ್ಕಿಂತ ಹೊರಗಿರುವ ಈ ಪ್ರಭಾವಳಿಯ ಉಷ್ಣತೆ ಹತ್ತು ಲಕ್ಷ ಡಿಗ್ರಿಗಳಿಗೂ ಅಧಿಕ. ಒಲೆಗಿಂತ ಒಲೆಯ ಮೇಲಿನ ಹೊಗೆಯೇ ನೂರಾರು ಪಟ್ಟು ಬಿಸಿಯಾಗಿದೆಯೆಂದರೆ ಯಾವ ಗೃಹಿಣಿ ನಂಬಿಯಾಳು! ಈ ಒಗಟು ಇಂದಿಗೂ ಪೂರ್ತಿಯಾಗಿ ಬಿಡಿಸಿಲ್ಲ. ನೆಲದಿಂದ ನೋಡುವವರಿಗೆ ಮೋಡದ ಕಾಟ, ಧೂಳಿನ ಕಾಟ. ಅವಕೆಂಪು ಕಿರಣಗಳನ್ನಂತೂ ಗಾಳಿಯಲ್ಲಿರುವ ನೀರಾವಿಯೇ ಹೀರಿಬಿಡುತ್ತದೆ. 17 ಕಿಲೋಮೀಟರ್ ಮೇಲೇರಿದರೆ ನೀರಾವಿ ಬಹುಪಾಲು ಕಾಲಕೆಳಗೆ ಉಳಿಯುತ್ತದೆ, ಮೋಡ ಅಡ್ಡ ಬರುವುದಿಲ್ಲ, ಹಗಲಿನ ಆಕಾಶವೇ ಕಡುನೀಲಿಗೆ ತಿರುಗಿರುತ್ತದೆ.

ಎತ್ತರಕ್ಕೇರಿ ಗ್ರಹಣ ನೋಡುವ ಹಂಬಲ ಕಾಂಕಾರ್ಡಿಗಿಂತ ಬಹಳ ಹಳೆಯದು. ಧಾತುಗಳ ಆವರ್ತ ಕೋಷ್ಟಕವನ್ನು ಕಟ್ಟಿದ ರಷ್ಯದ ಮೆಂಡಲೀವ್ 1887ರ ಆಗಸ್ಟ್ 19ರಂದು ಕ್ಲಿನ್ ಎಂಬ ಊರಿನಿಂದ ಬೆಲೂನಿನಲ್ಲಿ ಮೇಲೇರಿದರು. ಮಳೆಯಲ್ಲಿ ತೊಯ್ದು ಭಾರವಾಗಿದ್ದ ಆ ಬೆಲೂನು ಇಬ್ಬರನ್ನು ಎತ್ತಲಾರದಾಯಿತು. ಆಗ ಐವತ್ತಮೂರು ವರ್ಷದ ಆ ಪ್ರಾಧ್ಯಾಪಕರು ಬೆಲೂನು ನಡೆಸಬಲ್ಲವನನ್ನು ಕೆಳಗಿಳಿಸಿ, ನಡೆಸಲು ಅರಿಯದ ತಾವೊಬ್ಬರೇ ಹೊರಟುಬಿಟ್ಟರು! ಮೋಡಗಳ ಮೇಲಕ್ಕೆ ಹೋಗಿ ಪ್ರಭಾವಳಿಯನ್ನು ಕಂಡು, ಸುರಕ್ಷಿತವಾಗಿ ಇಳಿದೂ ಬಂದರು. ಈ ಪ್ರಸಂಗ ಹೇಳಿದಾಗ ತರಗತಿಯ ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಿದ್ದರು.

ಇನ್ನು ಎರಡನೆಯ ಕಥೆ.

1980ರ ಫೆಬ್ರವರಿ 16, ಶನಿವಾರ, ಮಾಘ ಮಾಸದ ಅಮಾವಾಸ್ಯೆ. ಅಂದಿನ ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬೀ ಸಮುದ್ರದಿಂದ ಕಾರವಾರ, ಅಂಕೋಲೆಗಳ ಕಡೆಯಿಂದ ನೆಲಕ್ಕೆ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಗಳನ್ನು ಹಾಯ್ದು ಆಂಧ್ರದ ಕಡೆಗೆ ಹೋಗುವುದಿತ್ತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ಜಗತ್ತಿನ ನಾನಾ ಮೂಲೆಗಳಿಂದ ಜನ ದುರ್ಬೀನು ಹೊತ್ತು ಭಾರತಕ್ಕೆ ಬಂದಿದ್ದರು. ನಾನಾಗ ಅಂದಿನ ಧಾರವಾಡ ಜಿಲ್ಲೆಯ ಗದಗದ ಸಮೀಪದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದೆ. ನೆರಳು ನನ್ನ ಮನೆಯ ಅಂಗಳದ ಮೇಲೆಯೇ ಹಾದುಹೋಗುವುದಿತ್ತು.

ಆ ವಾರವೆಲ್ಲ ನಾನು ಉತ್ಸಾಹದ ಬುಗ್ಗೆಯಾಗಿದ್ದೆ. ಮಾಸಪತ್ರಿಕೆಯೊಂದರಲ್ಲಿ ಓದಿಟ್ಟುಕೊಂಡಿದ್ದ ಕಾಂಕಾರ್ಡಿನ ವೃತ್ತಾಂತವನ್ನು ಒಂಬತ್ತನೆಯ ಇಯತ್ತೆಗೆ ಹೇಳಿದೆ. ಕರಿಹಲಗೆಯ ಮೇಲೆ ಚೂಪು ಮೂಗಿನ ವಿಮಾನ ಬರೆದೆ. ಶಾಲೆಯ ಪಡಸಾಲೆಯಲ್ಲಿ ಒಬ್ಬ ಹುಡುಗನನ್ನು ನೆರಳಾಗಿ, ಇನ್ನೊಬ್ಬನನ್ನು ವಿಮಾನವಾಗಿ ಓಡಿಸಿದೆ. ರಟ್ಟಿಗೆ ಸೂಜಿಯಿಂದ ತೂತು ಮಾಡಿ ಸೂರ್ಯಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸುವುದನ್ನು ಕಲಿಸಿದೆ. ಸೂರ್ಯ ಪೂರ್ತಿ ಮುಚ್ಚುವವರೆಗೆ ಹಾಳೆಯನ್ನೇ ನೋಡಬೇಕು. ಪೂರ್ತಿ ಮುಚ್ಚಿದ ಮೇಲೆ ತಲೆಯೆತ್ತಬಹುದು. ವಜ್ರದುಂಗುರದಂಥ ಮೊದಲ ಕಿಡಿ ಕಂಡ ತಕ್ಷಣ ಮತ್ತೆ ತಲೆ ತಗ್ಗಿಸಬೇಕು ಎಂದು ಬಾಯಿಪಾಠ ಮಾಡಿಸಿದೆ. ಕೊನೆಗೆ, “ಶನಿವಾರ ಮಧ್ಯಾಹ್ನ ಮೂರಕ್ಕೆ ಶಾಲೆಯ ಮೈದಾನಕ್ಕೆ ಬನ್ನಿ. ನಾನಿರುತ್ತೇನೆ. ಫ್ರೆಂಚರು ವಿಮಾನದಲ್ಲಿ ಬೆನ್ನಟ್ಟಿದ ನೆರಳು ನಮ್ಮ ಊರಿಗೆ ತಾನಾಗಿ ಬರುತ್ತಿದೆ” ಎಂದೆ.

ಊರಿನ ಗಾಳಿ ಬೇರೆಯೇ ಇತ್ತು. ಗರ್ಭಿಣಿಯರಿಗೆ ಕೇಡು, ಕಣ್ಣು ಹೋಗುತ್ತದೆ, ವಿಷದ ಕಿರಣ ಬೀಳುತ್ತದೆ ಎಂಬ ಮಾತು ಕಟ್ಟೆಕಟ್ಟೆಯ ಮೇಲೂ ಇತ್ತು. ಶನಿವಾರ ಬೆಳಗಿನ ಶಾಲೆ ಬೇಗನೆ ಬಿಟ್ಟಿತು. ಮನೆಗೆ ಬಂದಾಗ ನೀರಿನ ಕೊಡ, ಉಪ್ಪಿನಕಾಯಿಯ ಭರಣಿಗಳ ಮೇಲೆಲ್ಲ ಗರಿಕೆ ಬಿದ್ದಿತ್ತು. ಕಿಟಕಿಗಳಿಗೆ ಕಂಬಳಿ ಏರಿತ್ತು. ನನ್ನ ಹೆಂಡತಿಗೆ ಆಗ ಆರು ತಿಂಗಳು; ಚೊಚ್ಚಲು. ಒಳಕೋಣೆಯಲ್ಲಿ ಚಾಪೆಯ ಮೇಲೆ ಅಲುಗಾಡದೆ ಮಲಗಲು ಅವಳಿಗೆ ಅಪ್ಪಣೆಯಾಗಿತ್ತು.

ಎರಡೂಮುಕ್ಕಾಲಕ್ಕೆ ನಾನು ರಟ್ಟು, ಹಾಳೆ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದೆ. ಅವ್ವ ಹೊಸ್ತಿಲಿಗೆ ಬಂದು ನಿಂತಳು.

“ತಮ್ಮಾ, ನೀ ಏನ ಓದೀದಿ ಅಂತ ನಾ ಕೇಳಂಗಿಲ್ಲ. ಮನ್ಯಾಗ ಬಸುರಿ ಹೆಣಮಗಳು ಅದಾಳ. ನಾಳೆ ಏನರ ಹೆಚ್ಚುಕಡಿಮಿ ಆದ್ರ ನಿನ್ನ ಪುಸ್ತಕ ಬಂದು ಉತ್ತರ ಕೊಡತದೇನು?”

ಇದಕ್ಕೆ ಉತ್ತರ ನನ್ನಲ್ಲಿತ್ತು. ತರಗತಿಯಲ್ಲಿ ಹತ್ತು ಸಲ ಹೇಳಿದ ಉತ್ತರ. ಚಂದ್ರನ ನೆರಳೂ ಮರದ ನೆರಳಿನಂತೆ ಬರಿಯ ನೆರಳು. ಅದಕ್ಕೆ ಗರ್ಭದ ಹಂಗಿಲ್ಲ. ಆದರೆ ಅವ್ವನ ಕಣ್ಣಲ್ಲಿ ಇದ್ದದ್ದು ಹಟವಲ್ಲ, ಭಯ. ಅವಳು ನನಗಿಂತ ಮೊದಲು ಎರಡು ಮಕ್ಕಳನ್ನು ಕಳೆದುಕೊಂಡಿದ್ದಳು. ನಿಜ ಹೇಳುತ್ತೇನೆ, ಆ ಭಯದ ಒಂದು ಎಳೆ ಆ ಕ್ಷಣ ನನ್ನೊಳಗೂ ಇಳಿಯಿತು. ಅಕಸ್ಮಾತ್ ಏನಾದರೂ ಆದರೆ? ಆಗುವುದಿಲ್ಲವೆಂದು ನೂರಕ್ಕೆ ನೂರು ಗೊತ್ತಿದ್ದೂ, ಆದರೆ ಎಂಬ ಆ ಎರಡೂವರೆ ಅಕ್ಷರ ಗೆದ್ದುಬಿಟ್ಟಿತು. ಚಪ್ಪಲಿ ಬಿಟ್ಟೆ.

ಅವ್ವ ಹರಿವಾಣದಲ್ಲಿ ನೀರು ಹಾಕಿ ಒನಕೆಯನ್ನು ನಿಲ್ಲಿಸಿದಳು. ಅದು ನಿಂತಿತು. ಗ್ರಹಣ ಹಿಡಿದುದಕ್ಕೆ ಅದೇ ಸಾಕ್ಷಿ ಎಂದಳು. ಬುಡ ಸಪಾಟಾದ ಒನಕೆ ಯಾವ ದಿನವಾದರೂ ನಿಲ್ಲುತ್ತದೆ, ಗುರುತ್ವಕೇಂದ್ರ ನೇರವಾಗಿ ಬುಡದ ಮೇಲೆ ಬಿದ್ದರೆ ಸಾಕು ಎಂಬುದು ಎಂಟನೆಯ ಇಯತ್ತೆಯ ಪಾಠ. ನಾನೇ ಹೇಳಿಕೊಟ್ಟ ಪಾಠ. ನಾನು ತುಟಿ ಬಿಚ್ಚಲಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆಯನ್ನು ಪುರಾಣಿಕರಿಗಷ್ಟೇ ಅನ್ವಯಿಸುವುದು ತಪ್ಪು. ವಿಜ್ಞಾನದ ಮೇಷ್ಟರಿಗೂ ಸಲ್ಲುತ್ತದೆ.

ಮೂರೂವರೆ ದಾಟಿದ ಮೇಲೆ ಕಂಬಳಿಯ ಅಂಚಿನ ಬೆಳಕು ಮೊದಲು ಮಂಕಾಯಿತು, ಆಮೇಲೆ ಇಲ್ಲವಾಯಿತು. ಹಕ್ಕಿಗಳ ಗದ್ದಲ ಒಮ್ಮೆ ಎದ್ದು ಅಡಗಿತು. ದೂರದಲ್ಲೆಲ್ಲೋ ನಾಯಿ ಬೊಗಳಿತು. ಸುಮಾರು ಎರಡೂವರೆ ನಿಮಿಷ ಕತ್ತಲೆಯಲ್ಲಿ ನಾನು ಗೋಡೆಗೆ ಒರಗಿ ಕುಳಿತಿದ್ದೆ. ತಲೆಯ ಮೇಲೆ ಹಂಚು, ಹಂಚಿನ ಮೇಲೆ ನಾನು ಓದಿದ, ಬೋಧಿಸಿದ, ಕನಸಿದ ಪ್ರಭಾವಳಿ. ನಡುವೆ ಇದ್ದದ್ದು ಒಂದು ಬಾಗಿಲು. ಅದಕ್ಕೆ ಹೊರಗಿನಿಂದ ಯಾರೂ ಕೀಲಿ ಹಾಕಿರಲಿಲ್ಲ.

ಸೋಮವಾರ ತರಗತಿಗೆ ಹೋದೆ. ಯಾರೂ ಮೈದಾನಕ್ಕೆ ಬಂದಿರಲಾರರೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಎರಡನೆಯ ಸಾಲಿನ ಒಬ್ಬ ಹುಡುಗ ಎದ್ದು ನಿಂತ.

“ಸರ್, ನಾ ಮೈದಾನಕ್ಕ ಬಂದಿದ್ನಿರಿ. ನೀವು ಬರಲಿಲ್ಲ.”

ಅವನೊಬ್ಬನೇ ಬಂದಿದ್ದ. ರಟ್ಟು ಹಿಡಿದು ಒಬ್ಬನೇ ನಿಂತಿದ್ದ. ನನ್ನ ಎದೆ ಧಸಕ್ಕೆಂದಿತು. ಯಾವಾಗ ನೋಡಬೇಕು, ಯಾವಾಗ ನೋಡಬಾರದೆಂದು ಹೇಳಲು ಪಕ್ಕದಲ್ಲಿ ಇರುತ್ತೇನೆಂದು ಮಾತು ಕೊಟ್ಟವನು ನಾನು. ಆ ಹುಡುಗನ ಕಣ್ಣಿಗೆ ಏನಾದರೂ ಆಗಿದ್ದರೆ? ಅವನು ಬಾಯಿಪಾಠವನ್ನು ಚಾಚೂ ತಪ್ಪದೆ ಪಾಲಿಸಿದ್ದ. ಹುಬ್ಬಳ್ಳಿ ದಿಕ್ಕಿನಿಂದ ಮಳೆ ಬಂದ ಹಾಗೆ ಕತ್ತಲೆ ಬಂದದ್ದನ್ನು, ಕಾಗೆಗಳು ಬೇವಿನ ಮರಕ್ಕೆ ಮರಳಿದ್ದನ್ನು, ಸೂರ್ಯನಿದ್ದಲ್ಲಿ ಕರಿಯ ಬಿಲ್ಲೆಯೊಂದು ಬಿಳಿಯ ಜಡೆ ಬಿಚ್ಚಿ ನಿಂತದ್ದನ್ನು ಅವನು ಹೇಳುತ್ತಿದ್ದರೆ ತರಗತಿ ಉಸಿರು ಬಿಗಿಹಿಡಿದು ಕೇಳಿತು.

“ಸೂರ್ಯಾಗಿಂತ ಮ್ಯಾಲ ಒಂದ ದೊಡ್ಡ ಚುಕ್ಕಿ ಇತ್ತಲ್ರಿ ಸರ್, ಅದ್ಯಾವುದ್ರಿ?” ಎಂದ.

“ಶುಕ್ರ” ಎಂದೆ. ಅದು ಸರಿಯಾದ ಉತ್ತರ. ಪಂಚಾಂಗದ ಬಲದಿಂದ ಹೇಳಿದ್ದು.

“ನೀವೂ ನೋಡಿದ್ರೇನ್ರಿ?”

“ಹ್ಞೂಂ. ಮನೆಯಲ್ಲಿ ತುರ್ತು ಕೆಲಸ ಬಂತು. ಮಾಳಿಗೆಯ ಮೇಲಿನಿಂದಲೇ ನೋಡಿದೆ.”

ಹುಡುಗ ಒಂದು ಗಳಿಗೆ ನನ್ನನ್ನು ನೋಡಿ ಕುಳಿತುಕೊಂಡ.

ಮೇ ತಿಂಗಳಲ್ಲಿ ಮಗಳು ಹುಟ್ಟಿದಳು, ಗುಂಡುಕಲ್ಲಿನ ಹಾಗೆ. ಅವ್ವ ಕಂಬಳಿಯ ಪುಣ್ಯವೆಂದಳು. ನಾನು ಅಲ್ಲವೆನ್ನಲಿಲ್ಲ. ಎಷ್ಟೋ ವರ್ಷಗಳ ತರುವಾಯ, ಅವ್ವ ತೀರಿಹೋದ ಮೇಲೆ, ಟೀವಿಯಲ್ಲಿ ಯಾವುದೋ ಗ್ರಹಣದ ಚಿತ್ರ ಬಂದಾಗ ನನ್ನ ಹೆಂಡತಿ ಇದ್ದಕ್ಕಿದ್ದಂತೆ, “ಆವತ್ತು ನನಗೂ ನೋಡೂ ಆಸೆ ಇತ್ತು. ನನ್ನನ್ನ ಯಾರೂ ಕೇಳಲೇ ಇಲ್ಲ” ಎಂದಳು. ಅವಳ ಹೆಸರಿನಲ್ಲಿ ನಾನೂ ಅವ್ವನೂ ತೀರ್ಮಾನ ಮಾಡಿದ್ದೆವು. ಅವಳ ಅಭಿಪ್ರಾಯ ಏನೆಂದು ಅವ್ವನಿಗಂತೂ ಹೊಳೆಯಲಿಲ್ಲ, ಓದಿದ ನನಗಾದರೂ ಹೊಳೆಯಬಾರದಿತ್ತೇ?

2009ರ ಜುಲೈ 22ರಂದು ಮತ್ತೆ ಭಾರತದಲ್ಲಿ ಖಗ್ರಾಸ ಗ್ರಹಣವಾಯಿತು. ಈ ಶತಮಾನದಲ್ಲೇ ಅತಿ ದೀರ್ಘವಾದದ್ದು. ಅದು ಮಳೆಗಾಲ. ಬಿಹಾರದ ತಾರೆಗನಾದಲ್ಲಿ ಸಾವಿರಾರು ಜನ ನೆರೆದಿದ್ದರು. ಮೋಡ ಕವಿದು ಅವರಿಗೆ ಕತ್ತಲೆ ಮಾತ್ರ ದಕ್ಕಿತು. ಅದೇ ಹೊತ್ತಿಗೆ ನಮ್ಮ ವಾಯುಪಡೆಯ ವಿಮಾನಗಳು ಮೋಡಗಳ ಮೇಲೆ ಹಾರಿ ಗ್ರಹಣವನ್ನು ಚಿತ್ರೀಕರಿಸಿದವು. 1995ರ ಅಕ್ಟೋಬರ್ 24ರ ಗ್ರಹಣವನ್ನು ವಾಯುಪಡೆಯ ಮಿಗ್-25 ಬಹಳ ಎತ್ತರದಿಂದ ಹಿಡಿದಿತ್ತು. ಅಮೆರಿಕದ ನಾಸಾ ಸಂಸ್ಥೆ 2017ರ ಆಗಸ್ಟ್ 21ರಂದು ಡಬ್ಲ್ಯುಬಿ-57 ಎಂಬ ಎರಡು ವಿಮಾನಗಳನ್ನು ಐವತ್ತು ಸಾವಿರ ಅಡಿಗಳ ಎತ್ತರದಲ್ಲಿ ಒಂದರ ಹಿಂದೊಂದು ಹಾರಿಸಿ, ಎರಡೂ ಸೇರಿ ಏಳು ನಿಮಿಷಕ್ಕೂ ಮಿಕ್ಕಿ ಪ್ರಭಾವಳಿಯನ್ನು ದಾಖಲಿಸಿತು. ಈ ವಿಮಾನಗಳ ಮೂಲ ಬ್ರಿಟನ್ನಿನ ಕ್ಯಾನ್ಬೆರಾ. ಅದೇ ಕುಲದ ಕ್ಯಾನ್ಬೆರಾಗಳು 2007ರವರೆಗೆ ನಮ್ಮ ವಾಯುಪಡೆಯಲ್ಲೂ ಇದ್ದವು. 74 ನಿಮಿಷದ ದಾಖಲೆಯನ್ನು ಮಾತ್ರ ಯಾವ ವಿಮಾನವೂ ಮುರಿದಿಲ್ಲ. ಕಾಂಕಾರ್ಡ್‌ಗಳು 2003ರಲ್ಲಿ ನಿವೃತ್ತವಾದವು. ನೆರಳನ್ನು ಬೆನ್ನಟ್ಟಿದ ಆ ಮೊದಲನೆಯ ಕಾಂಕಾರ್ಡ್ ಪ್ಯಾರಿಸ್ ಸಮೀಪದ ಲ ಬೂರ್ಜೆಯ ವಸ್ತುಸಂಗ್ರಹಾಲಯದಲ್ಲಿದೆ.

ಅಂದಿನ ಮಾಪನಗಳಿಂದ ಸೂರ್ಯವಿಜ್ಞಾನವೇನೂ ಬುಡಮೇಲಾಗಲಿಲ್ಲ. ಅದೇ 1973ರಲ್ಲಿ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಹಾರಿ, ಗ್ರಹಣಕ್ಕೆ ಕಾಯದೆಯೇ ಪ್ರಭಾವಳಿಯನ್ನು ತಿಂಗಳುಗಟ್ಟಲೆ ನೋಡತೊಡಗಿತ್ತು. ಆದರೂ ಪಿಯೇರ್ ಲೆನಾ ನಾಲ್ಕು ದಶಕಗಳ ಮೇಲೆ ಆ ಹಾರಾಟವನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು. ಮನುಷ್ಯನಿಗೆ ತಾನು ಸ್ವತಃ ಅಲ್ಲಿದ್ದೆ ಎಂಬುದು ಸಣ್ಣ ಸಂಗತಿಯಲ್ಲ. ಇರಲಿಲ್ಲವೆಂಬುದೂ ಸಣ್ಣ ಸಂಗತಿಯಲ್ಲ. ಅದನ್ನು ಬಲ್ಲವನು ನಾನು.

ನಿವೃತ್ತನಾದ ಕೆಲವು ವರ್ಷಗಳ ಮೇಲೆ ಹಳೆಯ ವಿದ್ಯಾರ್ಥಿಗಳು ಊರಿನಲ್ಲಿ ಸೇರಿ ನಮ್ಮನ್ನೆಲ್ಲ ಕರೆಸಿ ಶಾಲು ಹೊದಿಸಿದರು. ಆ ಹುಡುಗನೂ ಬಂದಿದ್ದ, ತಲೆ ನರೆತಿತ್ತು. ಊರಲ್ಲೇ ಒಕ್ಕಲುತನ ಮಾಡಿಕೊಂಡಿದ್ದಾನೆ. ಊಟದ ನಂತರ ಅವನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ, ಅಂದು ನಾನು ಗ್ರಹಣ ನೋಡಿರಲಿಲ್ಲ, ನಿನಗೆ ಸುಳ್ಳು ಹೇಳಿದೆ ಎಂದೆ.

ಅವನು ನಕ್ಕ. “ಆವತ್ತೇ ಗೊತ್ತಿತ್ರಿ ಸರ್. ನಿಮ್ಮದು ಹಂಚಿನ ಮನಿ ಅಲ್ರಿ? ದಿನಾ ಹಾಲು ಹಾಕಾಕ ನಾನ ಬರತಿದ್ದೆ. ಮಾಳಗಿ ಎಲ್ಲಿತ್ರಿ?”

“ಮತ್ತೆ ಯಾಕೆ ಸುಮ್ಮನಿದ್ದೆಯಪ್ಪಾ?”

“ಗುರುಗಳು ಸುಳ್ಳ ಹೇಳಿದ್ರು ಅಂತ ಎದ್ದು ನಿಂತು ಹೆಂಗ ಹೇಳೂದ್ರಿ?” ಎಂದ. ಆಮೇಲೆ ಸ್ವಲ್ಪ ತಡೆದು, “ಆದ್ರ ನೀವು ಆ ಇಮಾನದ ಕತಿ ಹೇಳದಿದ್ರ ನಾನೂ ಮನ್ಯಾಗ ಕುಂದರತಿದ್ದೆ ಬಿಡ್ರಿ” ಎಂದ.

ಅವನ ಮಾತಿನಿಂದ ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಯಾವುದು ಹೆಚ್ಚೆಂದು ಇಂದಿಗೂ ತೂಗಲಾರೆ.

2019ರ ಡಿಸೆಂಬರ್ 26ರಂದು ಕಂಕಣಗ್ರಹಣವಾದಾಗ ಅವನಿಗೆ ಬೆಳಗ್ಗೆಯೇ ಫೋನು ಮಾಡಿದೆ. “ನೋಡಾಕತ್ತೀರೇನ್ರಿ ಸರ್?” ಎಂದು ಕೇಳಿದ. ನಮ್ಮ ಕಡೆ ಪೂರ್ತಿ ಕಂಕಣ ಕಾಣುವಂತಿರಲಿಲ್ಲ, ಪಾರ್ಶ್ವಗ್ರಹಣವಷ್ಟೇ. ನಾನು ಓಣಿಯ ಏಳೆಂಟು ಮಕ್ಕಳನ್ನು ಸೇರಿಸಿಕೊಂಡು, ತೂತಿನ ರಟ್ಟು ಹಿಡಿದು, ಹೆಂಡತಿಗೂ ಒಂದು ಕುರ್ಚಿ ಹಾಕಿ ಅಂಗಳದಲ್ಲಿ ನಿಂತಿದ್ದೆ. ಹಾಳೆಯ ಮೇಲೆ ಸಣ್ಣದೊಂದು ಕುಡುಗೋಲಿನಂತೆ ಸೂರ್ಯ ಬಿದ್ದಿದ್ದ.

“ಹೌದಪ್ಪಾ, ಹೊರಗೇ ಇದ್ದೇನೆ” ಎಂದೆ.